ಮೂರು ಬಣ್ಣ, ನಾಲ್ಕು ತಂತಿ, ಒಂದು ಗುಂಯ್

ನನ್ನ ಬೇಸ್ ಗಿಟಾರು, ಅಂದರೆ ತಗ್ಗು ಸ್ವರದ ನಾಲ್ಕು ತಂತಿಯ ಗಿಟಾರು, ನನಗೆ ಅಂಟಿಕೊಂಡಿದ್ದು ಹೋದ ಬೇಸಿಗೆಯಲ್ಲಿ. ಪ್ರೀತಿಯಿಂದ ಅಲ್ಲ. ಅದರ ಕಪ್ಪು ಬಣ್ಣ ಹಲಸಿನ ಮೇಣದ ಹಾಗೆ ಜಿಗುಟಾಗಿತ್ತು. ಅರ್ಧ ಗಂಟೆ ನುಡಿಸಿ ಕೆಳಗಿಟ್ಟರೆ ಅಂಗಿಯ ಹೊಟ್ಟೆಯ ಮೇಲೆ ಕಪ್ಪು ನಕ್ಷೆ. ಸ್ಟ್ಯಾಂಡಿನ ರಬ್ಬರು ತಾಗುವ ಕಡೆಯಂತೂ ಎರಡು ಕುಳಿಗಳೇ ಬಿದ್ದಿದ್ದವು. ಕೆಲವು ರಬ್ಬರು ಹಾಗೇ, ದಿನಗಟ್ಟಲೆ ಒರಗಿಸಿಟ್ಟರೆ ಲ್ಯಾಕರ್ ಬಣ್ಣವನ್ನು ನಿಧಾನಕ್ಕೆ ತಿಂದುಬಿಡುತ್ತದೆ.

"ಬಟ್ಟೆ ಒಗೆಯುವವಳು ನಾನು, ನೆನಪಿರಲಿ" ಎಂದಳು ಹೆಂಡತಿ. ಹಾಗೆ ಶುರುವಾಯಿತು.

ಬೇಸ್ ನುಡಿಸುವವರನ್ನು ನೀವು ನೋಡಿರುತ್ತೀರಿ, ಗಮನಿಸಿರುವುದಿಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಡ್ರಮ್ಮಿನ ಪಕ್ಕ, ಟ್ಯೂಬ್‌ಲೈಟಿನ ಬೆಳಕು ತಲುಪದ ಜಾಗದಲ್ಲಿ ಒಬ್ಬ ನಿಂತಿರುತ್ತಾನಲ್ಲ, ಅವನೇ. ಅಂಥ ಒಬ್ಬರಿಂದ ನಾನು ಇದನ್ನು ಕೊಂಡಿದ್ದು. ಜಪಾನಿನದು, ಅಮೆರಿಕದ ಫೆಂಡರ್ ಕಂಪನಿಯ ಬೇಸಿನ ನಕಲು. ಅಸಲಿ ಫೆಂಡರ್ ಬೇಸ್ ಬಂದದ್ದು 1951ರಲ್ಲಿ. ಅದನ್ನು ಮಾಡಿದ ಲಿಯೋ ಫೆಂಡರ್ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ನುಡಿಸಲು ಬಾರದವರು ಗಿಟಾರನ್ನೇ ಮಾಡಬಹುದಾದರೆ, ಅಷ್ಟಿಷ್ಟು ನುಡಿಸುವ ನಾನು ಬಣ್ಣ ಬಳಿಯಲಾರೆನೇ? ಆಗ ನನಗೆ ಹೊಳೆದ ತರ್ಕ ಇದು.

ಮೊದಲು ಪರೀಕ್ಷೆ. ಹೆಂಡತಿಯ ನೇಲ್ ಪಾಲಿಶ್ ರಿಮೂವರನ್ನು ಹತ್ತಿಗೆ ಹಾಕಿ ಒಂದು ಮೂಲೆಯಲ್ಲಿ ಉಜ್ಜಿದೆ. ಬಣ್ಣ ಕರಗಿದರೆ ಲ್ಯಾಕರ್, ಕರಗದಿದ್ದರೆ ಪಾಲಿಯೆಸ್ಟರ್ ಜಾತಿಯ ಗಟ್ಟಿ ಬಣ್ಣ ಅಂತ ಲೆಕ್ಕ. ಕಪ್ಪು ಕರಗಿತು. ಕುಣಿದಾಡಿದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಿ ಎರಡು ಲೀಟರ್ ಥಿನ್ನರ್, 80ನೇ ನಂಬರಿನಿಂದ 600ರ ತನಕ ಪಾಲಿಶ್ ಪೇಪರ್, ಒಂದು ಮಾಸ್ಕ್ ತಂದೆ. ಕುತ್ತಿಗೆಯ ನಾಲ್ಕು ಸ್ಕ್ರೂ ಬಿಚ್ಚಿ, ತಂತಿಗಳ ತುದಿ ಹಿಡಿಯುವ ಲೋಹದ ಬ್ರಿಡ್ಜು, ಅವುಗಳ ಕಂಪನ ಹಿಡಿಯುವ ಪಿಕಪ್ಪು ಎಲ್ಲ ತೆಗೆದು, ಬರೀ ಮುಂಡವನ್ನು ತಾರಸಿಗೆ ಹೊತ್ತೆ.

"ಏನೋ ಅದು, ಮಣೆಯಾ?" ಎಂದರು ಸಂಡಿಗೆ ಕಾಯುತ್ತಿದ್ದ ಅಮ್ಮ.

"ಗಿಟಾರು ಅಮ್ಮ."

"ಥಿನ್ನರ್ ವಾಸನೆ ಸಂಡಿಗೆಗೆ ಹಿಡಿದ್ರೆ ನೀನೇ ತಿನ್ನಬೇಕು."

ತಿಂದೆ. ಅದು ಬೇರೆ ವಿಷಯ.

ಕಪ್ಪು ಹೋಯಿತು. ಕೆಳಗೆ ಕೆಂಪು! ಹಿಂದಿನ ಯಾರೋ ಪುಣ್ಯಾತ್ಮರ ಆಸೆ. ಅದನ್ನೂ ಉಜ್ಜಿದೆ. ಅದರ ಕೆಳಗೆ ನಡುವೆ ಹಳದಿ, ಅಂಚಿನಲ್ಲಿ ಮತ್ತೆ ಕಪ್ಪು. ಈ ಸಲ ಥಿನ್ನರ್ ಎಷ್ಟು ಸುರಿದರೂ ಜಪ್ಪಯ್ಯ ಅನ್ನಲಿಲ್ಲ. ಹಳದಿ ಅಂದರೆ ಪ್ರೈಮರ್ ಇರಬೇಕು, ಅಂಚಿನದು ಹಠಮಾರಿ ಕಪ್ಪು ಎಂದು ನಾನೇ ತೀರ್ಪು ಕೊಟ್ಟೆ. 80ನೇ ನಂಬರಿನ ಪೇಪರ್ ಕೈಗೆ ಬಂತು. ಎರಡು ಸಂಜೆ ಉಜ್ಜಿದೆ. ರಟ್ಟೆ ಬಿದ್ದುಹೋಯಿತು. ಮೀಸೆ ಹಳದಿಯಾಯಿತು. ಕೊನೆಗೆ ಮರ ಕಂಡಿತು. ಮರ ಅಂದರೆ, ಅಂಚಿನಲ್ಲಿ ಪದರ ಪದರವಾಗಿ ಚಿರೋಟಿಯ ಹಾಗೆ. ಪ್ಲೈವುಡ್. ಇಷ್ಟು ವರ್ಷ ಬಂದವರಿಗೆಲ್ಲ "ಜಪಾನಿನ ಮರ ನೋಡಿ, ನಾದವೇ ಬೇರೆ" ಎಂದಿದ್ದೆ.

ಆ ದುಃಖದಲ್ಲಿ ಮಗುಚಿ ಹಾಕಿ ಹಿಂಬದಿಗೆ ಥಿನ್ನರ್ ಬಟ್ಟೆ ಎಳೆದೆ. ಕಪ್ಪು, ಕೆಂಪು ಎರಡೂ ಹೋದವು. ಕೆಳಗಿನದು ಫಳಫಳ ಹೊಳೆಯಿತು. ನಡುವೆ ಜೇನಿನ ಹಳದಿ, ಸುತ್ತ ಕಂದು, ಅಂಚಿಗೆ ಹೋಗುತ್ತಾ ಕಪ್ಪು. ಸನ್‌ಬರ್ಸ್ಟ್! ಕಾರ್ಖಾನೆಯಲ್ಲೇ ಹೊಡೆದ ಅಸಲಿ ಪಾಲಿಯೆಸ್ಟರ್ ಬಣ್ಣ, ಒಂದು ಗೀರೂ ಇಲ್ಲದೆ. ಮುಂಭಾಗದಲ್ಲೂ ಇದೇ ಇತ್ತು. ಎರಡು ಸಂಜೆಯ ಹಿಂದಿನ ತನಕ.

ಸುಮ್ನೆ ಥಿನ್ನರಿನಲ್ಲಿ ಒರೆಸಿ ನಿಲ್ಲಿಸಿದ್ದರೆ ಕೆಲಸ ಮುಗಿದಿತ್ತು. ಇದನ್ನು ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ಅವಳು ಈ ಬರಹ ಓದುವುದಿಲ್ಲ ಎಂಬ ಧೈರ್ಯ.

ಈಗ ಮುಂಭಾಗಕ್ಕೆ ಬಣ್ಣ ಆಗಲೇಬೇಕು. ಅಮೆರಿಕದಲ್ಲಿ ಫೆಂಡರಿನವರು ಹಲವು ಬಣ್ಣಗಳನ್ನು ಕಾರಿನ ಬಣ್ಣಗಳಿಂದಲೇ ಆರಿಸಿಕೊಂಡಿದ್ದರಂತೆ ಎಂದು ಓದಿದ್ದೆ. ಅದನ್ನೇ ನೆಪ ಮಾಡಿಕೊಂಡು ನಮ್ಮ ಬೀದಿಯ ತುದಿಯ ಟಿಂಕರಿಂಗ್ ಗ್ಯಾರೇಜಿಗೆ ಹೋದೆ. ಪೇಂಟರ್ ಅದನ್ನು ಆಚೀಚೆ ತಿರುಗಿಸಿ ನೋಡಿದ.

"ಯಾವ ಗಾಡೀದು ಸಾರ್ ಇದು?"

ವಿವರಿಸಿದೆ. ಆಟೋದ ಬಾನೆಟ್ಟಿಗಿಂತ ಕಷ್ಟ ಇಲ್ಲ ಬಿಡಿ ಎಂದ. ಆಟೋಗೆ ಬಾನೆಟ್ಟೇ ಇರುವುದಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಆದರೆ ಅವನಿಗೆ ಕೆಲಸ ಗೊತ್ತಿತ್ತು. "ಜುಲೈ ಸಾರ್, ಮಳೆ ಬಿಟ್ಟ ಮೇಲೆ ಹೊಡೆಯೋಣ" ಎಂದ. ನಾನು ಕೇಳಲಿಲ್ಲ. ಆಗಸ್ಟಿನಲ್ಲಿ ಒಂದು ಕಾರ್ಯಕ್ರಮ ಒಪ್ಪಿಕೊಂಡಿದ್ದೆ. ಹೊಡೆಸಿದೆ. ಕಡುನೀಲಿ ಲ್ಯಾಕರ್ ಹತ್ತು ನಿಮಿಷದಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತೇವದ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ. ಪೇಂಟರ್ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಆ ಮೌನಕ್ಕೂ ದುಡ್ಡು ಕೊಡಬಹುದಿತ್ತು. ಒಂದು ವಾರ ಕಾದು, ಬಿಸಿಲು ಬಂದ ದಿನ ನಿಧಾನಕ್ಕೆ ಆರುವ ಥಿನ್ನರನ್ನು ತೆಳ್ಳಗೆ ಹೊಡೆದ. ಬಿಳುಪು ಮಾಯವಾಯಿತು. ಮೇಲೆ ಕೂತಿದ್ದ ಒಂದು ಸೊಳ್ಳೆ ಮಾತ್ರ ಅಲ್ಲೇ ಉಳಿಯಿತು, ಈಗಲೂ ಇದೆ.

ಜೋಡಿಸಿದೆ. ತಂತಿ ಕಟ್ಟಿದೆ. ಆಂಪ್ಲಿಫೈಯರ್ ಹಾಕಿದೆ. ಗುಂಯ್‌ಯ್‌ಯ್.

ಬ್ರಿಡ್ಜಿನ ಅಡಿಯಲ್ಲಿ ಒಂದು ಸಣ್ಣ ಅರ್ಥ್ ತಂತಿ ಇರುತ್ತದೆ. ಅದು ಬ್ರಿಡ್ಜಿನ ಲೋಹಕ್ಕೆ ತಾಗಿರಬೇಕು. ನಮ್ಮ ಪೇಂಟರ್ ಅದರ ತುದಿಗೂ ಧಾರಾಳವಾಗಿ ನೀಲಿ ಹೊಡೆದಿದ್ದ. ಮುಚ್ಚಿಡಿ ಎಂದು ಹೇಳಬೇಕಾದವನು ನಾನೇ. ಜ್ಯಾಕಿನ ಲೋಹ ಹಿಡಿದರೆ ಗುಂಯ್ ನಿಲ್ಲುತ್ತದೆ. ಆದರೆ ಒಂದು ಕೈ ಅಲ್ಲಿಟ್ಟರೆ ನುಡಿಸುವುದು ಯಾರು? ಬಿಚ್ಚಿ ಬ್ಲೇಡಿನಲ್ಲಿ ಕೆರೆದರೆ ಹತ್ತು ನಿಮಿಷದ ಕೆಲಸ. ಆದರೆ ಮತ್ತೆ ಸ್ಕ್ರೂಡ್ರೈವರ್ ಮುಟ್ಟುವ ಧೈರ್ಯ ಬಂದಿಲ್ಲ. ಗುಂಯ್ ಬರುವುದು ಕರೆಂಟಿನಿಂದ, ನಮ್ಮ ಕರೆಂಟು 50 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 50 ಕಂಪನ. ದಪ್ಪ ತಂತಿಯ ಮೂರನೇ ಮನೆಯ ಜಿ ಸ್ವರ 49, ಹತ್ತಿರ ಹತ್ತಿರ ಅದೇ. ಹಾಗಾಗಿ ಸದ್ಯಕ್ಕೆ ಎಲ್ಲ ಹಾಡನ್ನೂ ಜಿ ಶ್ರುತಿಯಲ್ಲೇ ಅಭ್ಯಾಸ ಮಾಡುತ್ತಿದ್ದೇನೆ.

ನಿನ್ನೆ ಅಮ್ಮ ಬಂದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದರು.

"ಪರವಾಗಿಲ್ಲ ಕಣೋ, ಶ್ರುತಿಪೆಟ್ಟಿಗೆ ಇದರಲ್ಲೇ ಕೊಟ್ಟಿದಾರೆ. ಅದನ್ನ ಮಾತ್ರ ಸ್ವಲ್ಪ ಹೊತ್ತು ನುಡಿಸು, ಚೆನ್ನಾಗಿದೆ."