ಹಿಂದಿನ ಸೀಟಿನಡಿಯ ಜಾಲರಿ ಯಾರಿಗೂ ಕಾಣುವುದಿಲ್ಲವೇ?

ಪೆಟ್ರೋಲು, ವಿದ್ಯುತ್ತು ಎರಡರಿಂದಲೂ ಓಡುವ ಹೈಬ್ರಿಡ್ ಕಾರು ಲೆಕ್ಸಸ್ ಆರ್‌ಎಕ್ಸ್ 450ಎಚ್ ಅನ್ನು ಹಳೆಯದಾಗಿ ಕೊಳ್ಳುವವರು ಲೆದರ್ ಸೀಟು, ಸನ್‌ರೂಫ್, ಟೈರು ಎಲ್ಲ ನೋಡುತ್ತಾರೆ. ಹಿಂದಿನ ಸೀಟಿನ ಕೆಳಗಿರುವ ಗಾಳಿಯ ಜಾಲರಿಯನ್ನು ಮಾತ್ರ ಬಗ್ಗಿ ನೋಡುವುದಿಲ್ಲ! 288 ವೋಲ್ಟಿನ ಹೈಬ್ರಿಡ್ ಬ್ಯಾಟರಿ ತಣ್ಣಗಾಗುವುದೇ ಅಲ್ಲಿಂದ ಎಳೆದುಕೊಳ್ಳುವ ಕ್ಯಾಬಿನ್ ಗಾಳಿಯಿಂದ. ಅದಕ್ಕೇ ಅಡ್ಡಲಾಗಿ ಚೀಲ ಒತ್ತಿಡುತ್ತಾರೆ. ಧೂಳು, ನಾಯಿಯ ಕೂದಲು ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ಬ್ಯಾಟರಿ ಕಾದು ಕಾದು, ಅದರೊಳಗಿನ 30 ಮಾಡ್ಯೂಲುಗಳಲ್ಲಿ (ಬ್ಯಾಟರಿಯ ಬಿಡಿ ತುಂಡುಗಳಲ್ಲಿ) ಒಂದೆರಡು ಸೋತರೂ ಎಚ್ಚರಿಕೆಯ ದೀಪ ಹತ್ತಿ, ಹೈಬ್ರಿಡ್ ಬ್ಯಾಟರಿ ಬದಲಿಸಿ ಎನ್ನುವ ಪಿ0ಎ80 ದೋಷದ ಕೋಡ್ ಬರುತ್ತದೆ. ಹಿಂದೆಯೇ ಇಡೀ ಪ್ಯಾಕ್ ಬದಲಿಸುವ ಲಕ್ಷಗಟ್ಟಲೆ ಎಸ್ಟಿಮೇಟು.

ಒಂದೇ ಮಾಡ್ಯೂಲ್ ಹಾಕಿಸುವುದು ಅಗ್ಗ ನಿಜ, ಆದರೆ ಉಳಿದ 29 ಕೂಡ ಅಷ್ಟೇ ಹಳತಲ್ಲವೇ? ಮತ್ತೆ ಅದೇ ದೀಪ ಹತ್ತುತ್ತದೆ. ಮುಂಗಡ ಕೊಡುವ ಮೊದಲೇ, ಗಾಡಿ ಓಡುತ್ತಿರುವಾಗ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಪ್ರತಿ ಬ್ಲಾಕಿನ (ಮಾಡ್ಯೂಲುಗಳ ಗುಂಪಿನ) ವೋಲ್ಟೇಜ್, ಬ್ಯಾಟರಿಯ ಬಿಸಿ ಎರಡನ್ನೂ ಓದಿಸಿ. ಫ್ಯಾನ್ ಬಿಚ್ಚಿಸಿ ತೊಳೆಸಿ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ಲಿಗೆ ಮಾತ್ರ ನೀವೇ ಕೈ ಹಾಕಬೇಡಿ.