ಬೆಂಡ್ ಪೈಪಿಗೆ ಬ್ಯಾಂಡೇಜು

ನಮ್ಮ ಮನೆಯಲ್ಲಿ ಯಾರ ಬಲಗಾಲಿನ ಮೀನಖಂಡ ನೋಡಿದರೂ ಬುಲೆಟ್ಟಿನ ರುಜು ಇರುತ್ತದೆ. ನನ್ನದು ಹುಣಸೆಬೀಜದಷ್ಟು ಸುಟ್ಟ ಕಲೆ, ಮೂರು ಕಡೆ. ಹೆಂಡತಿಯದು ಒಂದೇ, ಆದರೆ ಅಗಲ. ಅಕ್ಕನದು ಮದುವೆಗೆ ಮುಂಚಿನದು. ಅದನ್ನು ಅಮ್ಮ ಭಾವನ ಕಡೆಯವರಿಗೆ ಹುಟ್ಟುಮಚ್ಚೆ ಎಂದು ಹೇಳಿ ದಾಟಿಸಿದ್ದರು. ಗಾಡಿ ಅಪ್ಪ ಕೊಂಡದ್ದು, 1994ರ ಬುಲೆಟ್ 350. ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು. ಕಿಕ್ಕರ್ ಬಲಗಡೆ, ಇಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಬೆಂಡ್ ಪೈಪ್ ಬಲಗಡೆ, ಸೈಲೆನ್ಸರ್ರೂ ಬಲಗಡೆ. ಎಡಗಾಲಿಗೆ ಈ ಗಾಡಿಯಿಂದ ಯಾವತ್ತೂ ತೊಂದರೆಯಾಗಿಲ್ಲ.

ಹೋದ ಏಪ್ರಿಲ್‌ನಲ್ಲಿ ನಾಲ್ಕನೇ ರುಜು ಬಿತ್ತು. ಅಮ್ಮ ಲೋಳೆಸರ ಹಚ್ಚುತ್ತಿದ್ದಾಗ ಬೆಂಗಳೂರಿಂದ ಬಂದಿದ್ದ ಅಕ್ಕನ ಮಗ ಫೋನಿಂದ ತಲೆಯೆತ್ತಿ, "ಮಾವ, ಆ ಪೈಪಿಗೆ ರ‍್ಯಾಪ್ ಸುತ್ತಬೇಕು" ಅಂದ. ವಾರದೊಳಗೆ ಜೆ.ಸಿ. ರಸ್ತೆಯಿಂದ ಒಂದು ಸುರುಳಿ ತೀರ್ಥಹಳ್ಳಿಗೆ ಬಂದೇಬಿಟ್ಟಿತು. ಗಾಜಿನ ನಾರಿನಲ್ಲಿ ನೇಯ್ದ ಪಟ್ಟಿ, ಎರಡಿಂಚು ಅಗಲ, 10 ಮೀಟರ್ ಉದ್ದ. ನೋಡಲು ಸರ್ಕಾರಿ ಆಸ್ಪತ್ರೆಯ ಬ್ಯಾಂಡೇಜು ಹೊಗೆ ಅಟ್ಟದಲ್ಲಿ ನಾಲ್ಕು ವರ್ಷ ಕೂತು ಬಂದ ಹಾಗಿತ್ತು.

"ಹೊಗೆ ಬಿಸಿಯಾಗಿದ್ದಷ್ಟೂ ಬೇಗ ಓಡತ್ತೆ ಮಾವ. ಬೇಗ ಆಚೆ ಹೋದ್ರೆ ಸಿಲಿಂಡರ್ ಚೆನ್ನಾಗಿ ಖಾಲಿಯಾಗತ್ತೆ. ಪವರ್ ಜಾಸ್ತಿ!"

ತತ್ವ ಸುಳ್ಳಲ್ಲ. ಹೊಗೆಯ ರಭಸದಿಂದಲೇ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಇರುವ ರೇಸ್ ಕಾರುಗಳಿಗೆ ಇದರಿಂದ ಲಾಭವೂ ಇದೆ. ಆದರೆ ನನ್ನದು 346 ಸಿಸಿ, 18 ಕುದುರೆಯ ಗಾಡಿ. ಮೂವತ್ತು ವರ್ಷದಲ್ಲಿ ಅದರಲ್ಲಿ ಎಷ್ಟು ಕುದುರೆ ಉಳಿದಿವೆಯೋ, ಎಷ್ಟು ಕತ್ತೆಯಾಗಿವೆಯೋ ಎಣಿಸಿದವರಿಲ್ಲ. ಗಂಟೆಗೆ ಅರವತ್ತು ದಾಟಿದರೆ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತದೆ. ನನಗೆ ಬೇಕಾಗಿದ್ದದ್ದು ಪವರ್ ಅಲ್ಲ, ಕಾಲಿಗೆ ನೆಮ್ಮದಿ. ಇಂಜಿನ್ನಿಂದ ಬರುವ ಹೊಗೆ 400 ಡಿಗ್ರಿ ದಾಟಿರುತ್ತದೆ. ಅದರ ಪಕ್ಕ ಪಂಚೆ ಉಟ್ಟು ಕೂರುವವನ ಕಷ್ಟ ಪ್ಯಾಂಟಿನವರಿಗೆ ತಿಳಿಯದು.

ಪಟ್ಟಿಯನ್ನು ನೀರಲ್ಲಿ ನೆನೆಸಿ ಸುತ್ತಬೇಕು. ಮೆತ್ತಗಾಗುತ್ತದೆ, ಧೂಳೂ ಏಳುವುದಿಲ್ಲ. ಕೈಗವಸು, ತುಂಬುತೋಳಿನ ಅಂಗಿ ಬೇಕು. ಇಷ್ಟನ್ನೂ ಹುಡುಗ ಹೇಳಿದ್ದ. ನಾನು ನೆನೆಸಿದೆ, ಆಮೇಲೆ ಬನಿಯನ್ನಿನಲ್ಲಿ ಕೂತು ಬರಿಗೈಯಲ್ಲಿ ಸುತ್ತಿದೆ. ನಸಗುನ್ನಿ ಕಾಯಿ ತಾಗಿಸಿಕೊಂಡವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ತಾಗಿಸಿಕೊಳ್ಳದವರಿಗೆ ವಿವರಿಸಿ ಪ್ರಯೋಜನವಿಲ್ಲ.

ಆದರೆ ನನ್ನ ತುರಿಕೆ ಏನೂ ಅಲ್ಲ. ಪಟ್ಟಿ ನೆನೆಸಿದ ಬಕೆಟ್ಟನ್ನು ಬಚ್ಚಲಲ್ಲೇ ಬಿಟ್ಟಿದ್ದೆ. ಗೃಹಪ್ರವೇಶವೊಂದಕ್ಕೆಂದು ಸಾಗರದಿಂದ ಬಂದ ಭಾವ, ತಮಗೇ ನೀರು ತೋಡಿಟ್ಟಿದ್ದಾರೆಂದು ಅದಕ್ಕೆ ಹಂಡೆಯಿಂದ ಎರಡು ಚೊಂಬು ಬಿಸಿನೀರು ಬೆರೆಸಿ, ಸ್ತೋತ್ರ ಹೇಳುತ್ತಾ ಮೈಮೇಲೆ ಹೊಯ್ದುಕೊಂಡರು. ಮೇಲೆ ಜರತಾರಿ ಶಲ್ಯ ಬೇರೆ. ಮಧ್ಯಾಹ್ನ ಪಂಕ್ತಿಯಲ್ಲಿ ಅವರ ಬಲಗೈ ಪಾಯಸದಲ್ಲಿ, ಎಡಗೈ ಬೆನ್ನಿನಲ್ಲಿ. ಬಡಿಸುವವರು ಬಂದಾಗಲೆಲ್ಲ ಒಂದು ಹೆಗಲು ಎದ್ದು ಕುಣಿಯುತ್ತಿತ್ತು. ಎದುರಿಗೆ ಕೂತ ಯಾರೋ ಹಿರಿಯರು, "ಭಾವನವರಿಗೆ ಹೋಳಿಗೆ ಬಹಳ ರುಚಿಸಿದೆ, ಇನ್ನೊಂದು ಹಾಕಿ" ಎಂದರು. ಮಗ ತಂದ ಪಟ್ಟಿಯಿಂದ ಅಪ್ಪನಿಗೆ ಈ ಗತಿ ಎಂದು ನಾನು ಇವತ್ತಿಗೂ ಬಾಯಿಬಿಟ್ಟಿಲ್ಲ. ನೀರಿನ ಬದಲಾವಣೆ ಎಂದಿದ್ದೇನೆ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬೆಂಡ್ ಪೈಪ್ ಪೂರ್ತಿ ಹೊಗೆ ಎದ್ದಿತು. ಅದು ಸಹಜವೇ, ಪಟ್ಟಿಯೊಳಗಿನ ಅಂಟು ಸುಟ್ಟು ಹೋಗುವವರೆಗೆ. ಎದುರುಮನೆಯವರಿಗೆ ಸಹಜ ಅನ್ನಿಸಲಿಲ್ಲ. "ಎಂತ ಮೇಷ್ಟ್ರೇ, ಗಾಡಿಗೆ ಮೂಳೆ ಮುರಿದು ಪಟ್ಟು ಹಾಕಿದ್ರಾ? ಧೂಪ ಬೇರೆ ಹಾಕ್ತಿದ್ದೀರಿ!"

ಮೇ ತಿಂಗಳು ಪೂರ್ತಿ ನಾನು ಸುಖವಾಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಕಾಲಿಗೆ ಬೆಂಕಿ ಬಡಿಯುವುದು ನಿಂತಿತು. ಕೊಪ್ಪಕ್ಕೆ ಹೋಗಿ ಬಂದರೂ ಮೀನಖಂಡ ತಣ್ಣಗೆ. ನೀಲಿ ತಿರುಗಿದ್ದ ಹಳೆ ಕ್ರೋಮ್ ಮುಚ್ಚಿಹೋಗಿ ಗಾಡಿಗೊಂದು ಗತ್ತು ಬಂತು; ಶಾಲೆಯ ಏಳನೇ ಕ್ಲಾಸಿನ ಹುಡುಗರು ಸುತ್ತ ನಿಂತು ನೋಡಿದರು. ಪವರ್ ಮಾತ್ರ ಬರಲಿಲ್ಲ.

ಹೆಂಡತಿ ಹಿಂದೆ ಕೂತಾಗ ತಿಳಿಯಿತು ಅಸಲಿ ಲೆಕ್ಕ. ಬಿಸಿ ಎಲ್ಲಿಗೂ ಹೋಗಿರಲಿಲ್ಲ. ಮೊದಲು ಬೆಂಡ್ ಪೈಪಿನಲ್ಲೇ ಒಂದಷ್ಟು ಕಳೆದುಹೋಗುತ್ತಿದ್ದದ್ದು ಈಗ ಅಷ್ಟೂ ಸೈಲೆನ್ಸರಿಗೆ ಬಂದು ಕೂತಿತ್ತು. ಜೂನ್‌ನ ಮೊದಲ ಮಳೆಗೆ ಅವಳು ಹೊಸ ರೈನ್‌ಕೋಟಿನ ಪ್ಯಾಂಟ್ ಹಾಕಿ ಹತ್ತಿದಳು. ಕುರುವಳ್ಳಿಯಲ್ಲಿ ಇಳಿಯುವಾಗ ಅದರ ಬಲಗಾಲು ಸೈಲೆನ್ಸರಿಗೆ ಅಂಟಿಕೊಂಡು, ತುಳುವ ಹಲಸಿನ ಹಣ್ಣಿನ ಅಂಟಿನ ಹಾಗೆ ನೂಲುನೂಲಾಗಿ ಎಳೆಯಿತು. ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ಇದು ಅರ್ಥವಾಗಬೇಕಿತ್ತು: ತೊಂದರೆ ಕೊಡುವವನನ್ನು ಯಾರೂ ಮನೆಗೆ ಕಳಿಸುವುದಿಲ್ಲ, ವರ್ಗಾವಣೆ ಮಾಡುತ್ತಾರೆ. "ನಿಮ್ಮ ಕಾಲು ಮಾತ್ರ ಕಾಲು, ಅಲ್ವಾ?" ಎಂದಳು. ಆಮೇಲೆ ಎರಡು ತಿಂಗಳು ಬಸ್ಸಿನಲ್ಲೇ ಓಡಾಡಿದಳು.

ಅಷ್ಟರಲ್ಲಿ ಮಳೆ ಹಿಡಿಯಿತು. ವರ್ಷಕ್ಕೆ 7000 ಮಿಲಿಮೀಟರ್ ಸುರಿಯುವ ಆಗುಂಬೆ ನಮಗೆ ಗಂಟೆ ದಾರಿಯೂ ಅಲ್ಲ. ಅಂಥ ಸೀಮೆಯಲ್ಲಿ ಕಬ್ಬಿಣಕ್ಕೆ ಬಟ್ಟೆ ಸುತ್ತಿದವನು ನಾನೊಬ್ಬನೇ ಇರಬೇಕು. ಶಾಲೆಗೆ ನಾಲ್ಕು ಕಿಲೋಮೀಟರ್. ಪಟ್ಟಿ ಬೆಳಿಗ್ಗೆ ನೆನೆಯುತ್ತಿತ್ತು, ಗಾಡಿ ಕಾದು ಇಡ್ಲಿ ಪಾತ್ರೆಯಂತೆ ಆವಿ ಬಿಡುತ್ತಿತ್ತು, ಪೂರ್ತಿ ಒಣಗುವ ಮೊದಲೇ ಶಾಲೆ ಬರುತ್ತಿತ್ತು. ಸಂಜೆ ಮತ್ತೆ ಅದೇ.

ನವರಾತ್ರಿ ಹೊತ್ತಿಗೆ ಡುಗ್ ಡುಗ್ ಅನ್ನುತ್ತಿದ್ದ ಗಾಡಿ ಭರ್ ಭರ್ ಅನ್ನತೊಡಗಿತು. ಗ್ಯಾರೇಜಿನ ಭಾಯಿ ಪಟ್ಟಿ ಬಿಚ್ಚಿದರು. ಕಟ್ಟಲು ಸ್ಟೀಲ್ ಕ್ಲಿಪ್ಪು ಬೇಕಾಗಿತ್ತು. ನಾನು ಸೆಂಟ್ರಿಂಗ್ ಕೆಲಸದವರ ತಂತಿ ಬಿಗಿದಿದ್ದೆ. ಅದು ಮುಟ್ಟಿದರೆ ಪುಡಿ. ಒಳಗೆ ಕ್ರೋಮ್ ಇರಲಿಲ್ಲ. ಮತ್ತಿಮರದ ತೊಗಟೆಯ ಹಾಗೆ ತುಕ್ಕು ಚಕ್ಕೆಚಕ್ಕೆಯಾಗಿ ಉದುರಿತು, ತಿರುವಿನ ಕೆಳಗೆ ಎರಡು ತೂತು. ಪೈಪು ಮೊದಲೇ ಹದಿನೈದು ವರ್ಷದ್ದು, ಒಳಗಿಂದ ಸವೆದಿತ್ತು ಅನ್ನಿ. ಬಾಕಿ ಕೆಲಸ ನಾನು ಮುಗಿಸಿದ್ದೆ.

"ಸಾರ್, ಮೇಲಿಂದ ಕೆಳಗೆ ಸುತ್ತಿದ್ದೀರಿ. ಹೆಂಚು ಹಂಗೆ ಹೊದಿಸ್ತಾರಾ? ಕೆಳಗಿಂದ ಮೇಲಕ್ಕೆ ಸುತ್ತಿದ್ರೆ ನೀರಾದ್ರೂ ಜಾರಿ ಹೋಗ್ತಿತ್ತು."

ನಾನು ತಲೆಯಾಡಿಸಿದೆ.

"ಸ್ಟೇನ್‌ಲೆಸ್ ಪೈಪ್ ಆಗಿದ್ರೆ ಸ್ವಲ್ಪ ತಡ್ಕೊತಿತ್ತು. ಇದು ಬರೀ ಕಬ್ಬಿಣ." ಆಮೇಲೆ ಪಟ್ಟಿಯ ತುದಿ ಮೂಸಿ ನೋಡಿದರು. ಇಂಜಿನ್ನಿನ ಹೆಡ್ಡಿನ ಹತ್ತಿರ ಆಯಿಲ್ ಜಿನುಗಿ ಅಲ್ಲಿ ಕಪ್ಪಾಗಿತ್ತು. "ಎಣ್ಣೆ ಕುಡಿದ ಬಟ್ಟೆಗೆ ಬೆಂಕಿ ತಾಗಿದ್ರೆ ನಿಮ್ಮ ಕಡೆ ಎಂತ ಅಂತಾರೆ ಸಾರ್?"

"ದೊಂದಿ."

"ಅದನ್ನ ಪೆಟ್ರೋಲ್ ಟ್ಯಾಂಕ್ ಕೆಳಗೆ ಕಟ್ಕೊಂಡು ಮಕ್ಳಿಗೆ ಪಾಠ ಮಾಡೋಕೆ ಹೋಗ್ತಿದ್ರಿ."

ಹೊಸ ಪೈಪ್ ಹಾಕಿ, ಅದರ ಮೇಲೆ ತೂತುತೂತಿನ ತಗಡಿನ ಗಾರ್ಡ್ ಕೂರಿಸಿಕೊಟ್ಟರು. ಗಾಳಿ ಆಡುತ್ತದೆ, ಕಾಲು ತಾಗುವುದಿಲ್ಲ. ಸೈಲೆನ್ಸರಿಗೂ ಒಂದು ಹಾಕಿಸಿದೆ, ಮನೆಗೆ ವಾಪಸು ಹೋಗಬೇಕಿತ್ತಲ್ಲ. ಎರಡೂ ಸೇರಿ ಪಟ್ಟಿಗಿಂತ ಅಗ್ಗ.

10 ಮೀಟರಿನಲ್ಲಿ ನಾನು ಸುತ್ತಿದ್ದು ಮೂರು ಮೀಟರೂ ಇಲ್ಲ. ಉಳಿದದ್ದನ್ನು ಅಮ್ಮ ಮಲ್ಲಿಗೆ ಚಪ್ಪರಕ್ಕೆ ಕಟ್ಟಿ, "ಎಷ್ಟು ಗಟ್ಟಿ ನೋಡು" ಎಂದು ಕೈಯೆಲ್ಲ ಕೆರೆದುಕೊಂಡರು. ದೀಪಾವಳಿಗೆ ಭಾವ ಬಂದರು. ನೀರು ತುಂಬುವ ಹಬ್ಬದ ಸಂಜೆ ಯಾರಿಗೂ ಬಚ್ಚಲಿಗೆ ಕಾಲಿಡಲು ಬಿಡದೆ, ತಾವೇ ಹಂಡೆ ತಿಕ್ಕಿ, ಬಕೆಟ್ಟುಗಳನ್ನು ಮೂರು ಮೂರು ಸಲ ತೊಳೆದು, ನೀರು ತುಂಬಿ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅದರೆದುರು ಕುರ್ಚಿ ಹಾಕಿಕೊಂಡು ಕೂತರು.