ಗಿಜೋ ಹೇಳಿದ್ದು ಅಷ್ಟೇ ಅಲ್ಲ

ನಿನ್ನೆ ಸಂಜೆ ತಂಗಿಯ ಮಗ ಮೊಬೈಲು ಹಿಡಿದುಕೊಂಡು ಬಂದ. ಪರೀಕ್ಷೆಗೆ ಓದುತ್ತಿದ್ದಾನೆ, ಯೂರೋಪಿನ ಇತಿಹಾಸವನ್ನೆಲ್ಲ ಹತ್ತು ಹತ್ತು ನಿಮಿಷದ ವಿಡಿಯೋಗಳಲ್ಲಿ ನೋಡುತ್ತಿದ್ದಾನೆ. "ದೊಡ್ಡಮ್ಮ, ಈ ಗಿಜೋ ಅನ್ನೋನು ನೋಡಿ, ಜನ ನಮಗೂ ವೋಟಿನ ಹಕ್ಕು ಕೊಡಿ ಅಂತ ಕೇಳಿದ್ರೆ ದುಡ್ಡು ಮಾಡ್ಕೊಳ್ಳಿ ಹೋಗಿ ಅಂದನಂತೆ" ಅಂದ. ವಿಡಿಯೋದಲ್ಲಿ ಇದ್ದಿದ್ದೂ ಅಷ್ಟೇ. ಫ್ರಾನ್ಸಿನ ಮಂತ್ರಿ, ಶ್ರೀಮಂತರಾಗಿ ಅಂದ, 1848ರಲ್ಲಿ ಕ್ರಾಂತಿ ಆಯ್ತು, ಲಂಡನ್ನಿಗೆ ಓಡಿಹೋದ. ಮುಂದಿನ ವಿಷಯ.

ಸಿಟ್ಟು ಬಂತು. ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1843ರ ಮಾರ್ಚ್ 1ರಂದು ಪಾರ್ಲಿಮೆಂಟಿನಲ್ಲಿ ಫ್ರಾನ್ಸ್ವಾ ಗಿಜೋ ಹೇಳಿದ್ದು ಒಂದು ಮಾತಲ್ಲ. ತಿಳಿವಳಿಕೆ ಬೆಳೆಸಿಕೊಳ್ಳಿ, ಸಂಪತ್ತು ಬೆಳೆಸಿಕೊಳ್ಳಿ, ನಮ್ಮ ಫ್ರಾನ್ಸಿನ ನಡತೆಯನ್ನೂ ಬದುಕಿನ ಮಟ್ಟವನ್ನೂ ಉತ್ತಮಪಡಿಸಿ ಅಂತ ಹೇಳಿದ್ದು. ವಿರೋಧಿಗಳು ಹಿಂದಿನದನ್ನೂ ಕತ್ತರಿಸಿದರು, ಮುಂದಿನದನ್ನೂ ಕತ್ತರಿಸಿದರು. ನಡುವಿನ ತುಣುಕು ಮಾತ್ರ ಉಳಿಯಿತು. ಆ ತುಣುಕೇ ಸುಮಾರು 180 ವರ್ಷದಿಂದ ಆತನ ಹೆಸರಿಗೆ ಅಂಟಿಕೊಂಡಿದೆ.

ತಿಳಿವಳಿಕೆ ಅನ್ನುವ ಮೊದಲ ಮಾತನ್ನು ಆತ ಸುಮ್ನೆ ಹೇಳಿದ್ದಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ, ಶಿಕ್ಷಣ ಮಂತ್ರಿಯಾಗಿದ್ದಾಗ, 1833ರ ಜೂನ್ 28ರ ಕಾನೂನು ತಂದವನು ಆತ. ಪ್ರತಿ ಊರೂ ಒಂದು ಪ್ರಾಥಮಿಕ ಶಾಲೆ ನಡೆಸಬೇಕು, ಒಂದೇ ಊರಿಗೆ ಕೈಲಾಗದಿದ್ದರೆ ಅಕ್ಕಪಕ್ಕದ ಊರು ಸೇರಿಸಿಕೊಂಡಾದರೂ ನಡೆಸಬೇಕು. ಮೇಷ್ಟ್ರಿಗೆ ವಾಸಕ್ಕೆ ಮನೆ, ವರ್ಷಕ್ಕೆ ಕನಿಷ್ಠ 200 ಫ್ರಾಂಕ್ ಸಂಬಳ. ಫೀಸು ಕಟ್ಟಲಾರದ ಮನೆಯ ಮಕ್ಕಳಿಗೆ ಬಿಟ್ಟಿ ಪಾಠ. ಮೇಷ್ಟ್ರುಗಳನ್ನು ತಯಾರು ಮಾಡಲು ಪ್ರತಿ ಜಿಲ್ಲೆಗೂ ತರಬೇತಿ ಶಾಲೆ. ಕಾನೂನು ಆದ ಮೇಲೆ ದೇಶದ ಪ್ರಾಥಮಿಕ ಶಾಲೆ ಮೇಷ್ಟ್ರುಗಳಿಗೆಲ್ಲ ನಿಮ್ಮ ಕೆಲಸ ಎಷ್ಟು ದೊಡ್ಡದು ಅಂತ ಪತ್ರ ಹೋಯಿತು, ಮಂತ್ರಿಯ ಹೆಸರಿನಲ್ಲಿ. ಹಳ್ಳಿ ಮೇಷ್ಟ್ರಿಗೆ ಮಂತ್ರಿಯ ಪತ್ರ! ಮೇಷ್ಟ್ರ ಮಗಳು ನಾನು, ಇದನ್ನು ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂದಿತ್ತು. ಹೆಣ್ಣುಮಕ್ಕಳ ಶಾಲೆಯನ್ನು ಆ ಕಾನೂನು ಕಡ್ಡಾಯ ಮಾಡಲಿಲ್ಲ, ಆ ಬೇಜಾರು ನನಗೆ ಈಗಲೂ ಇದೆ.

ಈ ಮನುಷ್ಯ ಬೆಳೆದದ್ದಾದರೂ ಹೇಗೆ? 1787ರಲ್ಲಿ ನೀಮ್ ಪಟ್ಟಣದ ಪ್ರಾಟೆಸ್ಟೆಂಟ್ ಮನೆಯಲ್ಲಿ ಹುಟ್ಟಿದ. ಆತ ಹುಟ್ಟಿದ ತಿಂಗಳಲ್ಲಿ ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರ ಮದುವೆಗೂ ಮಕ್ಕಳಿಗೂ ಕಾನೂನಿನ ಮಾನ್ಯತೆ ಇರಲಿಲ್ಲ. ಆರು ವರ್ಷವಾಗಿದ್ದಾಗ, 1794ರ ಏಪ್ರಿಲ್‌ನಲ್ಲಿ, ವಕೀಲನಾಗಿದ್ದ ತಂದೆಯನ್ನು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, ತಲೆ ಕಡಿಯುವ ಗಿಲೊಟಿನ್‌ಗೆ ಕೊಟ್ಟರು. ತಾಯಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಜಿನೀವಾಕ್ಕೆ ಹೋದಳು, ಅವನಿಗೆ ಓದಿನ ಜೊತೆಗೆ ಮರಗೆಲಸವನ್ನೂ ಕಲಿಸಿದಳು. ಪ್ಯಾರಿಸ್‌ಗೆ ಬಂದ ಮೇಲೆ ಪೋಲಿನ್ ಅನ್ನುವ ಲೇಖಕಿ ಕಾಯಿಲೆ ಬಿದ್ದು ಪತ್ರಿಕೆಗೆ ಬರೆಯಲು ಆಗದಿದ್ದಾಗ, ಹೆಸರೇ ಹೇಳದೆ ಅವಳ ಬದಲು ಲೇಖನ ಬರೆದು ಕಳಿಸಿದ. ಆಮೇಲೆ ಅವಳನ್ನೇ ಮದುವೆಯಾದ, ಅವಳು ಹದಿನಾಲ್ಕು ವರ್ಷ ದೊಡ್ಡವಳು. 1812ರಲ್ಲಿ, 25ರ ವಯಸ್ಸಿಗೆ, ಪ್ಯಾರಿಸ್ ವಿಶ್ವವಿದ್ಯಾಲಯದ ಸೊರ್ಬೋನ್‌ನಲ್ಲಿ ಇತಿಹಾಸದ ಪ್ರೊಫೆಸರ್. ಮೊದಲ ಉಪನ್ಯಾಸದಲ್ಲಿ ನೆಪೋಲಿಯನ್‌ನನ್ನು ಹೊಗಳಿ ನಾಲ್ಕು ಮಾತು ಸೇರಿಸು ಅಂದರೆ ಒಪ್ಪಲಿಲ್ಲ. ಆಗ ನೆಪೋಲಿಯನ್ ಇನ್ನೂ ಚಕ್ರವರ್ತಿ, ನೆನಪಿರಲಿ.

"ಹಾಗಾದ್ರೆ ವೋಟು ಯಾಕೆ ಕೊಡಲಿಲ್ಲ?" ಅಂದ ನಮ್ಮ ಹುಡುಗ. ಸರಿಯಾದ ಪ್ರಶ್ನೆ. ಆಗ ವೋಟು ಬೇಕಿದ್ದರೆ ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವವನಾಗಿರಬೇಕಿತ್ತು. ಮೂರೂವರೆ ಕೋಟಿ ಜನರಲ್ಲಿ ವೋಟು ಇದ್ದದ್ದು ಸುಮಾರು ಎರಡೂವರೆ ಲಕ್ಷ ಗಂಡಸರಿಗೆ. 1840ರಿಂದ ವಿದೇಶಾಂಗ ಮಂತ್ರಿ, 1847ರಲ್ಲಿ ಪ್ರಧಾನಿ, ಆದರೂ ಗಿಜೋ ಅದನ್ನು ಒಂದಿಷ್ಟೂ ಸಡಿಲಿಸಲಿಲ್ಲ. ಇದಕ್ಕೆ ಬೈಯಿರಿ. ನಾನೂ ಬೈಯುತ್ತೇನೆ, ನಿಮಗಿಂತ ಜಾಸ್ತಿಯೇ ಬೈಯುತ್ತೇನೆ. ಯಾಕಂದರೆ ಆತ ಇತಿಹಾಸಕಾರ. ಪಾರ್ಲಿಮೆಂಟಿನ ಮಾತು ಕೇಳದೆ ತಲೆ ಕಳೆದುಕೊಂಡ ಇಂಗ್ಲೆಂಡಿನ ರಾಜನ ಕಥೆಯನ್ನು ಸಂಪುಟಗಟ್ಟಲೆ ಬರೆದವನು. ಯೂರೋಪಿನಲ್ಲಿ ವರ್ಗ ವರ್ಗಗಳ ನಡುವೆ ನಡೆದ ತಿಕ್ಕಾಟದಿಂದಲೇ ನಾಗರಿಕತೆ ಮುಂದೆ ಹೋಯಿತು ಅಂತ 1828ರಲ್ಲಿ ತುಂಬಿದ ಸಭೆಗೆ ಪಾಠ ಹೇಳಿದವನು. ವರ್ಗಸಂಘರ್ಷ ನಾನು ಕಂಡುಹಿಡಿದದ್ದಲ್ಲ, ನನಗಿಂತ ಮೊದಲಿನ ಇತಿಹಾಸಕಾರರು ಹೇಳಿದ್ದಾರೆ ಅಂತ ಕಾರ್ಲ್ ಮಾರ್ಕ್ಸ್ 1852ರಲ್ಲಿ ಗೆಳೆಯನಿಗೆ ಪತ್ರ ಬರೆದಾಗ ಕೊಟ್ಟ ಹೆಸರುಗಳಲ್ಲಿ ಗಿಜೋ ಹೆಸರೂ ಇದೆ. ಅದೇ ಮಾರ್ಕ್ಸ್‌ನನ್ನು 1845ರಲ್ಲಿ ಪ್ಯಾರಿಸ್ ಬಿಡಿಸಿದ್ದು ಗಿಜೋ ಇದ್ದ ಸರ್ಕಾರ. ಇಷ್ಟೆಲ್ಲ ಗೊತ್ತಿದ್ದವನಿಗೆ ತನ್ನ ಬಾಗಿಲಲ್ಲೇ ನಿಂತಿದ್ದ ಜನ ಕಾಣಲಿಲ್ಲ. 1848ರ ಫೆಬ್ರವರಿ 22ಕ್ಕೆ ಗೊತ್ತಾಗಿದ್ದ ಸುಧಾರಣಾವಾದಿಗಳ ಔತಣಕೂಟವನ್ನು, ಅಂದರೆ ಔತಣದ ಹೆಸರಿನಲ್ಲಿ ವೋಟಿನ ಹಕ್ಕು ಕೇಳುವ ಸಭೆಯನ್ನು, ನಿಷೇಧಿಸಿದರು. ಜನ ಬೀದಿಗಿಳಿದರು. 23ಕ್ಕೆ ಪದವಿ ಹೋಯಿತು, ಅಂದು ರಾತ್ರಿ ಆತನ ವಿದೇಶಾಂಗ ಕಚೇರಿಯ ಮುಂದೆಯೇ ಗುಂಡು ಹಾರಿ ಜನ ಸತ್ತರು. 24ಕ್ಕೆ ರಾಜ ಲೂಯಿ ಫಿಲಿಪ್ ಸಿಂಹಾಸನ ಬಿಟ್ಟ.

ಆತನ ದೊಡ್ಡ ತಪ್ಪು ಇದು. ಇದನ್ನು ಹೇಳುವುದಕ್ಕೆ ಕತ್ತರಿಸಿದ ವಾಕ್ಯ ಬೇಕಾಗಿಲ್ಲ ಅಲ್ವಾ? ಕತ್ತರಿಸಿ ಹೇಳಿದರೆ ಏನಾಗುತ್ತದೆ ಅಂದರೆ, ಆತ ಬರೀ ದುಡ್ಡಿನಾಸೆಯ ಮನುಷ್ಯ ಆಗಿಬಿಡುತ್ತಾನೆ. ಅಷ್ಟು ವರ್ಷ ಅಧಿಕಾರದಲ್ಲಿದ್ದೂ ಅದನ್ನು ಬಳಸಿ ದುಡ್ಡು ಮಾಡಿಕೊಳ್ಳದವನನ್ನು ದುಡ್ಡಿನಾಸೆಯವನು ಅಂತ ಬರೆದುಕೊಂಡು ಮಕ್ಕಳು ಪರೀಕ್ಷೆಯಲ್ಲಿ ಅಂಕ ತೆಗೆದುಕೊಳ್ಳುತ್ತಾರೆ. ಓದಿದವನು, ಪ್ರಾಮಾಣಿಕ, ಶಾಲೆ ಕಟ್ಟಿಸಿದವನು, ಅಂಥವನೂ ಜನರನ್ನು ನಂಬದೆ ಹೋದ ಅನ್ನುವ ಕಷ್ಟದ ವಿಷಯ ಅವರ ಕಣ್ಣಿಗೇ ಬೀಳುವುದಿಲ್ಲ.

ಈಗ ಹೇಳಲೇಬೇಕಾದ ಮಾತು. ನಾನು ಕೂಡ ಎಷ್ಟೋ ವರ್ಷ ಕಾಲೇಜಿನಲ್ಲಿ ಹಾಗೇ ನೋಟ್ಸ್ ಬರೆಸಿದ್ದೇನೆ. ಅದೇ ತುಣುಕು, ಅದೇ ಒಂದು ಸಾಲು. ಪೂರ್ತಿ ವಾಕ್ಯ ನಾನು ಓದಿದ್ದು ನಿವೃತ್ತಿ ಆದ ಮೇಲೆ. ಆ ಬ್ಯಾಚಿನವರು ಕೆಲವರು ಇಲ್ಲೇ ಇದ್ದೀರಿ. ದಯವಿಟ್ಟು ಆ ಸಾಲು ತಿದ್ದಿಕೊಳ್ಳಿ.

ಗಿಜೋ ಮರುವರ್ಷ ಫ್ರಾನ್ಸಿಗೆ ವಾಪಸು ಬಂದ. ನಾರ್ಮಂಡಿಯ ವಾಲ್ ರಿಶೆಯಲ್ಲಿ, ಹಳೆಯ ಮಠದ ಕಟ್ಟಡದಲ್ಲಿದ್ದ ತನ್ನ ಮನೆಯಲ್ಲಿ, 1874ರಲ್ಲಿ ಸಾಯುವವರೆಗೂ ಬರೆಯುತ್ತಲೇ ಇದ್ದ. ಕೊನೆಗಾಲದಲ್ಲಿ ಬರೆಯುತ್ತಿದ್ದದ್ದು ಫ್ರಾನ್ಸಿನ ಇತಿಹಾಸ, ಮೊಮ್ಮಕ್ಕಳಿಗೆ ಕಥೆ ಹೇಳುವ ಹಾಗೆ.

ರಾತ್ರಿ ನಮ್ಮ ಹುಡುಗನಿಗೆ ಆ ವಾಕ್ಯ ಪೂರ್ತಿ ಟೈಪ್ ಮಾಡಿ ಕಳಿಸಿದೆ. ಬೆಳಿಗ್ಗೆ ಉತ್ತರ ಬಂದಿತ್ತು: "ದೊಡ್ಡಮ್ಮ, ಆ ಶಾಲೆ ಕಾನೂನಿನ ಇಸವಿ ಇನ್ನೊಂದ್ಸಲ ಹೇಳಿ."